ಎಂಟು ಗಂಟೆಗೆ ಎರಡು ಇಡ್ಲಿ

ಚಾಮರಾಜಪೇಟೆ, ಬೆಂಗಳೂರು
12 ಜೂನ್ 2024

ಪ್ರಿಯಕ್ಕನಿಗೆ,

ಮೊದಲನೇ ಪೆಟ್ಟಿಗೆ ಇವತ್ತು ಪುಣೆಗೆ ಹೊರಡುತ್ತಿದೆ. ಹನ್ನೊಂದು ಮಕ್ಕಳ ರಕ್ತ ಇದೆ. ಒಳಗಿನ ಮಂಜುಗಡ್ಡೆ ಹೊಗೆಯಾಡುತ್ತಿರುವುದರಿಂದ ಈ ಕಾಗದವನ್ನು ಮುಚ್ಚಳದ ಮೇಲಿನ ಪ್ಲಾಸ್ಟಿಕ್ ಜೇಬಿನಲ್ಲಿ ಫಾರಂಗಳ ಜೊತೆ ಇಟ್ಟಿದ್ದೇನೆ. ಮಕ್ಕಳ ವಿಷಯವನ್ನು ಫೋನಿನಲ್ಲಾಗಲಿ ವಾಟ್ಸಾಪ್‌ನಲ್ಲಾಗಲಿ ಆಡಬಾರದು ಎಂದು ನೀವೇ ಕಟ್ಟುನಿಟ್ಟು ಮಾಡಿದ್ದೀರಿ. ಆದ್ದರಿಂದ ಪೆಟ್ಟಿಗೆ ಬಂದಾಗಲೆಲ್ಲ ನನ್ನ ಕಾಗದವೂ ಬರುತ್ತದೆ. ಖಾಲಿ ಪೆಟ್ಟಿಗೆ ವಾಪಸ್ ಕಳಿಸುವಾಗ ನೀವೂ ಎರಡು ಸಾಲು ಬರೆದು ಹಾಕಿ.

ಕೆಲಸ ನನಗೆ ಹಿಡಿಸಿದೆ. ಹತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟ ಮೇಲೆ ಏಳು ಕೆಲಸ ಬಿಟ್ಟಿದ್ದೇನೆ, ಒಂದೂ ಹಿಡಿಸಿರಲಿಲ್ಲ. ಇಲ್ಲಿ ಬೆಳಗ್ಗೆ ಒಂಬತ್ತಕ್ಕೆ ಮಕ್ಕಳ ಜ್ವರದ ವಾರ್ಡಿಗೆ ಬಂದರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಜ್ವರದ ಜೊತೆಗೆ ಎರಡನೇ ಸಲವೋ ಮೂರನೇ ಸಲವೋ ಸೆಳವು, ಅಂದರೆ ಫಿಟ್ಸ್, ಬಂದ ಮಕ್ಕಳಿಗೆ ಗುಲಾಬಿ ಫಾರಂ, ಬರೀ ಜ್ವರ ಬಂದವರಿಗೆ ಬಿಳಿ ಫಾರಂ. ನರ್ಸ್ ಶೈಲಜಮ್ಮ ರಕ್ತ ತೆಗೆಯುತ್ತಾರೆ, ನಾನು ತಾಯಂದಿರನ್ನು ಕೇಳಿ ಫಾರಂ ತುಂಬುತ್ತೇನೆ. ಮಿಕ್ಕ ಪ್ರಶ್ನೆಗಳಿಗೆ ಎಲ್ಲರೂ ತಡವರಿಸುತ್ತಾರೆ. ಒಂಬತ್ತನೇ ಪ್ರಶ್ನೆಗೆ, ಅಂದರೆ ಮಗು ಕೊನೆಗೆ ತಿಂದದ್ದು ಯಾವಾಗ, ಏನು ಎಂಬುದಕ್ಕೆ, ಮಗ್ಗಿ ಒಪ್ಪಿಸಿದ ಹಾಗೆ ಉತ್ತರ ಬರುತ್ತದೆ. ಬೆಳಗ್ಗೆ ಎಂಟು ಗಂಟೆಗೆ, ಎರಡು ಇಡ್ಲಿ.

ಏಳನೇ ನಂಬರಿನ ಗುಲಾಬಿ ಫಾರಂ ನಮ್ಮ ಮನೆಯದು. ಅಣ್ಣನ ಮಗಳು ಧನ್ವಿಗೆ ಎರಡನೇ ಸಲ ಬಂತು. ಎರಡೂವರೆ ವರ್ಷದ ಕೂಸು, ಕಣ್ಣು ಮೇಲೆ ಸಿಕ್ಕಿಕೊಂಡು ಮೈಯೆಲ್ಲ ಸೆಟೆದುಕೊಂಡಾಗ ನಾನೇ ಎತ್ತಿಕೊಂಡಿದ್ದೆ. ಎರಡೇ ನಿಮಿಷ ಅಂತೆ. ಈಗ ಚೆನ್ನಾಗಿದ್ದಾಳೆ, ಆದರೆ ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲ. ಇದು ಯಾಕೆ ಬರುತ್ತದೆ ಎಂದು ಗೊತ್ತಾಗುವವರೆಗೆ ನಾನು ಈ ಕೆಲಸ ಬಿಡುವುದಿಲ್ಲ. ನೀವು ಹುಡುಕುತ್ತಿರುವ ಟ್ರಿಪ್ಟೊಫ್ಯಾನ್ ಎಂಬ ಹೆಸರನ್ನು ಅನಿಲಣ್ಣನಿಗೆ ಹೇಳಿದರೆ, "ಯಾವ ಕಂಪನಿ ಫ್ಯಾನು, ವಾರಂಟಿ ಎಷ್ಟು ವರ್ಷ?" ಎಂದು ಕೇಳಿದ.

ಯಶಶ್ರೀ

*

ಪುಣೆ
1 ಜುಲೈ 2024

ಯಶೂ,

ನಿನ್ನ ಫಾರಂಗಳನ್ನು ನೋಡಿ ಇಲ್ಲಿಯವರು ಬೆರಗಾದರು. ಒಂದೂ ಕಾಲಂ ಖಾಲಿ ಇಲ್ಲ. ಬೇರೆ ಊರುಗಳಿಂದ ಬರುವ ಫಾರಂಗಳಲ್ಲಿ ಅರ್ಧಕ್ಕರ್ಧ ಬರೀ ಗೆರೆ ಎಳೆದಿರುತ್ತಾರೆ. ಹೀಗೇ ಇರಲಿ, ಯಾವುದನ್ನೂ ಖಾಲಿ ಬಿಡಬೇಡ.

ಫ್ಯಾನಿನ ಬಗ್ಗೆ ನಿಮ್ಮ ಅಣ್ಣನಿಗೆ ಹೇಳು. ಟ್ರಿಪ್ಟೊಫ್ಯಾನ್ ಒಂದು ಅಮೈನೊ ಆಮ್ಲ. ಹಾಲು, ಬೇಳೆ, ಮೊಟ್ಟೆಯಲ್ಲಿ ಇರುತ್ತದೆ. ನಮ್ಮ ದೇಹ ಅದನ್ನು ತಾನಾಗಿ ತಯಾರಿಸಿಕೊಳ್ಳಲಾರದು, ತಿಂದದ್ದರಿಂದಲೇ ಬರಬೇಕು. ಮಿದುಳನ್ನು ಶಾಂತವಾಗಿಡುವ ಒಂದು ರಾಸಾಯನಿಕ ಅದರಿಂದ ತಯಾರಾಗುತ್ತದೆ. ಸೆಳವು ಬರುವ ಮಕ್ಕಳಲ್ಲಿ ಅದು ಕಡಿಮೆ ಇರಬಹುದೇ ಎಂಬುದು ನನ್ನ ಪ್ರಶ್ನೆ. ಇನ್ನೂ ಯಾರಿಗೂ ಹೇಳಬೇಡ: ಮೊದಲ ಪೆಟ್ಟಿಗೆಯಲ್ಲಿ ಗುಲಾಬಿ ಫಾರಂನ ಮಕ್ಕಳೆಲ್ಲರಲ್ಲೂ ಕಡಿಮೆ ಇದೆ. ಬಿಳಿ ಫಾರಂನ ಮಕ್ಕಳಲ್ಲಿ ಕಡಿಮೆ ಇಲ್ಲ. ಆರು ವರ್ಷದಿಂದ ಕಾಯುತ್ತಿದ್ದೆ.

ನಲವತ್ತು ಗುಲಾಬಿ, ನಲವತ್ತು ಬಿಳಿ ಆದರೆ ಸಾಕು. ಲೇಖನದಲ್ಲಿ ನಿನ್ನ ಹೆಸರು ಹಾಕುತ್ತೇನೆ, ಇದು ನನ್ನ ಮಾತು. ಒಂದು ಕೆಲಸವನ್ನಾದರೂ ಕೊನೆ ಮುಟ್ಟಿಸು, ಆಮೇಲೆ ಹತ್ತನೇ ಕ್ಲಾಸಿಗೆ ನಾನೇ ಕಟ್ಟಿಸುತ್ತೇನೆ.

ಪ್ರಿಯಂವದಾ

*

ಚಾಮರಾಜಪೇಟೆ
19 ಆಗಸ್ಟ್ 2024

ಪ್ರಿಯಕ್ಕ,

ಅರವತ್ತು ಫಾರಂ ಆಯಿತು. ಈ ಪೆಟ್ಟಿಗೆಯ ಜೊತೆ ಒಂದು ಸಂಶಯವನ್ನೂ ಕಳಿಸುತ್ತಿದ್ದೇನೆ.

ಮೂವತ್ತೊಂದನೇ ಗುಲಾಬಿ ಫಾರಂನಲ್ಲಿ ತಂದೆಯ ಸಹಿ ಬಿಟ್ಟುಹೋಗಿತ್ತು. ಸಹಿ ಹಾಕಿಸಲು ಹನುಮಂತನಗರಕ್ಕೆ ಹೋಗಿದ್ದೆ. ಆವತ್ತು ಆ ಮಗುವಿಗೆ ಮತ್ತೆ ಮೈ ಬೆಚ್ಚಗಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ದೋಸೆ ಬೇಕು ಎಂದು ಅಳುತ್ತಿತ್ತು. ಅಜ್ಜಿ ಸುಬ್ಬಮ್ಮ ಕೊಡುತ್ತಿರಲಿಲ್ಲ. ನಾನು ಕೇಳಿದ್ದಕ್ಕೆ, "ಫಿಟ್ಸ್ ಬರೋ ಮಗು ಕಣಮ್ಮ ಇದು. ಹೊಟ್ಟೆಗೆ ಏನಾದ್ರೂ ಬಿದ್ರೆ ತಲೆಗೆ ಏರತ್ತೆ. ಮೈ ಬಿಸಿ ಇಳಿಯೋವರ್ಗೂ ಜೀರಿಗೆ ನೀರು ಬಿಟ್ಟು ಬೇರೇನಿಲ್ಲ" ಎಂದರು. ಜೂನ್ ತಿಂಗಳಲ್ಲೂ ಹಾಗೇ ಮಾಡಿದಿರಾ ಎಂದೆ. ಹಿಂದಿನ ದಿನ ಮಧ್ಯಾಹ್ನದಿಂದಲೇ ನಿಲ್ಲಿಸಿದ್ದೆವು ಎಂದರು. ನಾನು ತುಂಬಿದ ಫಾರಂನಲ್ಲಿ ಎಂಟು ಗಂಟೆಗೆ ಎರಡು ಇಡ್ಲಿ ಎಂದಿದೆ.

ಸೊಸೆ ಮಧುರಾ ನನ್ನನ್ನು ಗೇಟಿನವರೆಗೆ ಬಿಡಲು ಬಂದರು. ಇಡ್ಲಿ ಎಂದು ಯಾಕೆ ಹೇಳಿದಿರಿ ಎಂದು ಕೇಳಿದೆ. "ನಿಜ ಹೇಳಿದ್ರೆ ಆ ನರ್ಸಮ್ಮ ಇಡೀ ವಾರ್ಡ್ ಮುಂದೆ ಬೈತಾರೆ. ಮನೇಲಿ ನಮ್ಮತ್ತೆ ಬೈತಾರೆ. ಇಡ್ಲಿ ಅಂದ್ರೆ ಯಾರೂ ಏನೂ ಕೇಳಲ್ಲ."

ಶೈಲಜಮ್ಮ ಬೈಯುವುದು ನಿಜ. ಮಗುವನ್ನು ಉಪವಾಸ ಕೆಡವಿದ್ದೀಯಾ ಎಂದು ಒಂದು ಸಲ ಶುರು ಮಾಡಿದರೆ ಆಚೆಯ ಮೆಟ್ಟಿಲಿನವರೆಗೂ ಕೇಳಿಸುತ್ತದೆ.

ಇದರಿಂದ ನಿಮ್ಮ ಲೆಕ್ಕಕ್ಕೆ ಏನಾದರೂ ಆಗುತ್ತದೆಯೇ? ದೇಹ ತಾನಾಗಿ ತಯಾರಿಸಲಾರದು, ತಿಂದದ್ದರಿಂದಲೇ ಬರಬೇಕು ಎಂದು ನೀವೇ ಬರೆದಿದ್ದೀರಿ. ಒಂದು ದಿನ ಏನೂ ತಿನ್ನದ ಮಗುವಿನ ರಕ್ತದಲ್ಲಿ ಅದು ಎಲ್ಲಿಂದ ಬರಬೇಕು?

ಯಶಶ್ರೀ

*

ಪುಣೆ
9 ಸೆಪ್ಟೆಂಬರ್ 2024

ಯಶೂ,

ನೀನು ಗಮನಿಸುತ್ತೀಯ, ಅದು ಸಂತೋಷ. ಆದರೆ ಒಂದು ಮನೆಯ ಕಥೆ ಒಂದು ಮನೆಯ ಕಥೆಯಷ್ಟೆ. ತಾಯಿ ಹೇಳಿದ್ದನ್ನು ಬರೆಯುವುದು ನಿನ್ನ ಕೆಲಸ, ಅದರ ಹಿಂದೆ ಹೋಗುವುದಲ್ಲ. ಈ ಹಂತದಲ್ಲಿ ಪ್ರಶ್ನೆಗಳನ್ನು ಬದಲಿಸಲು ಸಾಧ್ಯವಿಲ್ಲ.

ಹೋದ ವಾರ ದೆಹಲಿಯ ಸಮ್ಮೇಳನದಲ್ಲಿ ನಮ್ಮ ಅಂಕಿಅಂಶಗಳನ್ನು ತೋರಿಸಿದೆ. ಮುಗಿದ ಮೇಲೆ ಒಬ್ಬ ಹಿರಿಯ ಪ್ರೊಫೆಸರು ಸಭೆಯಲ್ಲೇ ಎದ್ದು ಬಂದು ಕೈ ಕುಲುಕಿದರು. ನಿನ್ನ ವಿಷಯವನ್ನೂ ಅವರಿಗೆ ಹೇಳಿದೆ.

ಪೆಟ್ಟಿಗೆಯಲ್ಲಿ ಅಮ್ಮನಿಗೆ ಒಂದು ಬಿ.ಪಿ. ನೋಡುವ ಯಂತ್ರ ಇಟ್ಟಿದ್ದೇನೆ. ಬಿಡುವಾದಾಗ ಬಸವನಗುಡಿಗೆ ಹೋಗಿ ಕೊಟ್ಟು, ಹೇಗೆ ಕಟ್ಟಿಕೊಳ್ಳಬೇಕು ಅಂತ ತೋರಿಸಿ ಬಾ. ನಿಮ್ಮಮ್ಮ ಚಿಕ್ಕಮುನಿಯಮ್ಮ ನಮ್ಮ ಮನೆಗೆ ಹಾಲು ತರುವುದನ್ನು ನಿಲ್ಲಿಸಿ ಹತ್ತು ವರ್ಷವಾದರೂ ಅಮ್ಮ ಈಗಲೂ ಆ ಹಾಲನ್ನೇ ನೆನೆಸಿಕೊಳ್ಳುತ್ತಾಳೆ.

ಪ್ರಿ.

*

ಚಾಮರಾಜಪೇಟೆ
21 ಅಕ್ಟೋಬರ್ 2024

ಪ್ರಿಯಕ್ಕ,

ಇದು ಕೊನೆಯ ಪೆಟ್ಟಿಗೆ. ಎಂಬತ್ತೂ ಪೂರ್ತಿಯಾಯಿತು. ಬಿ.ಪಿ. ಯಂತ್ರ ಕೊಡಲು ಇನ್ನೂ ಹೋಗಿಲ್ಲ, ಯಾಕೆಂದರೆ ಬಿಡುವಿದ್ದ ಭಾನುವಾರಗಳನ್ನೆಲ್ಲ ಬೇರೆ ಕಡೆ ಕಳೆದೆ.

ಒಂದು ಮನೆಯ ಕಥೆ ಎಂದಿರಿ. ಆದ್ದರಿಂದ ಐವತ್ತು ಮನೆಗಳಿಗೆ ಹೋದೆ. ಫಾರಂ ಒಯ್ಯಲಿಲ್ಲ. ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸಿಕೊಟ್ಟೆ, ಒಂದು ಮನೆಯಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಹಾಕಿಕೊಟ್ಟೆ. ವಾರ್ಡಿನಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆಮೇಲೆ ಹೇಳಿದರು. ಗುಲಾಬಿ ಫಾರಂನ ಇಪ್ಪತ್ತಾರು ಮನೆಗಳಲ್ಲಿ ಇಪ್ಪತ್ತೊಂದು ಮನೆಯವರು ಮೈ ಬೆಚ್ಚಗಾದ ಕೂಡಲೇ ಮಗುವಿನ ಊಟ ನಿಲ್ಲಿಸಿದ್ದರು. ಮೊದಲ ಸಲ ಸೆಳವು ಕಂಡು ಹೆದರಿದವರು ಇವರು. ಎರಡನೇ ಸಲ ಬರದಿರಲಿ ಎಂದು ಹಾಗೆ ಮಾಡಿದ್ದಾರೆ. ಬಿಳಿ ಫಾರಂನ ಇಪ್ಪತ್ನಾಲ್ಕು ಮನೆಗಳಲ್ಲಿ ಊಟ ನಿಲ್ಲಿಸಿದವರು ಇಬ್ಬರೇ. ಅವರಿಗೆ ಹೆದರಲು ಕಾರಣವಿರಲಿಲ್ಲ.

ನನಗೆ ನಿಮ್ಮಷ್ಟು ತಿಳಿಯುವುದಿಲ್ಲ. ಆದರೆ ನೀವು ಅಳೆದದ್ದು ಸೆಳವನ್ನಲ್ಲ, ಹಸಿವನ್ನು ಎಂದು ನನಗೆ ಅನ್ನಿಸುತ್ತದೆ. ನಂಬರುಗಳ ಪಟ್ಟಿ ಲಗತ್ತಿಸಿದ್ದೇನೆ. ಹೆಸರುಗಳನ್ನು ಬರೆದಿಲ್ಲ.

ಇನ್ನೊಂದು ಹೇಳಬೇಕು. ಏಳನೇ ಫಾರಂ ಸುಳ್ಳು, ಆ ಸುಳ್ಳು ನನ್ನದು. ಆವತ್ತು ಧನ್ವಿ ಬಿಸ್ಕತ್ತು ಬೇಕೆಂದು ನನ್ನ ಕಾಲು ಹಿಡಿದುಕೊಂಡು ಅತ್ತಿದ್ದಳು. ಅಮ್ಮ ಡಬ್ಬವನ್ನು ಅಟ್ಟದ ಮೇಲೆ ಇಟ್ಟಿದ್ದಳು. ನಾನು ನೋಡುತ್ತಲೇ ಇದ್ದೆ. ವಾರ್ಡಿನಲ್ಲಿ ಅಮ್ಮ ಹತ್ತು ಗಂಟೆಗೆ ಗಂಜಿ ಎಂದಳು, ನಾನು ಹಾಗೇ ಬರೆದೆ. ಶೈಲಜಮ್ಮ ನಮ್ಮಮ್ಮನಿಗೆ ಬೈಯುವುದು ನನಗೆ ಬೇಡವಾಗಿತ್ತು. ಬೇರೆಯವರ ಸುಳ್ಳನ್ನು ಹಿಡಿದು ಕೊಡುವಾಗ ನನ್ನದನ್ನು ಮುಚ್ಚಿಡಲು ಮನಸ್ಸು ಬರುತ್ತಿಲ್ಲ.

ಈಗ ಏನು ಮಾಡಬೇಕು ಹೇಳಿ. ಎಲ್ಲ ಮಕ್ಕಳ ರಕ್ತವನ್ನೂ ಮತ್ತೆ ತೆಗೆಯಬೇಕು ಎಂದರೂ ನಾನು ಸಿದ್ಧ.

ಯಶಶ್ರೀ

*

ಚಾಮರಾಜಪೇಟೆ
18 ನವೆಂಬರ್ 2024

ಪ್ರಿಯಕ್ಕ,

ಪೆಟ್ಟಿಗೆ ವಾಪಸ್ ಬಂತು. ಕಳಿಸಲು ಇನ್ನು ರಕ್ತವಿಲ್ಲ, ಆದ್ದರಿಂದ ಈ ಕಾಗದ ಅಂಚೆಯಲ್ಲಿ ಬರುತ್ತದೆ. ಒಳಗೆ ನಿಮ್ಮ ಕಾಗದ ಇರಲಿಲ್ಲ. ಪ್ಲಾಸ್ಟಿಕ್ ಜೇಬನ್ನು ಒಳಹೊರಗು ಮಾಡಿ ನೋಡಿದೆ. ಕೆಲಸ ಜಾಸ್ತಿ ಇರಬೇಕು ಎಂದುಕೊಂಡೆ. ಪಟ್ಟಿಯನ್ನು ಮತ್ತೆ ಪರೀಕ್ಷೆ ಮಾಡುತ್ತಿದ್ದೀರಿ ಎಂದೂ ಅಂದುಕೊಂಡೆ. ಆಮೇಲೆ ಬಸವನಗುಡಿಯ ನಿಮ್ಮ ಮನೆಗೆ ಹೋದೆ.

ಜಾನಕಮ್ಮನವರಿಗೆ ಯಂತ್ರ ಕೊಟ್ಟು, ಕಟ್ಟಿಕೊಳ್ಳುವುದನ್ನು ತೋರಿಸಿದೆ. ಕಾಫಿ ಕೊಟ್ಟರು. ಏನು ಕೆಲಸ ಎಂದು ಕೇಳಿದರು, ಹೇಳಿದೆ. ನಕ್ಕುಬಿಟ್ಟರು.

"ನಮ್ಮ ಪ್ರಿಯೂಗೂ ಹೀಗೇ ಬರ್ತಿತ್ತು ಕಣೇ. ಐದು ವರ್ಷ ಆಗೋವರ್ಗೂ ಬಂತು. ಜ್ವರ ಅಂದ್ರೆ ಎರಡು ದಿನ ಬರೀ ಜೀರಿಗೆ ನೀರು, ಪಾಪ. ನಮ್ಮತ್ತೆ ಕಟ್ಟಪ್ಪಣೆ. ಡಾಕ್ಟ್ರು ಏನು ತಿಂದೆ ಪುಟ್ಟಿ ಅಂದ್ರೆ ಇವಳೇ ಮುಂದೆ ಬಿದ್ದು, ಎಂಟು ಗಂಟೆಗೆ ಎರಡು ಇಡ್ಲಿ ಅಂಕಲ್, ಅನ್ನೋಳು. ಎಷ್ಟು ಜಾಣೆ ಅಂತ ಅವರು ಕೆನ್ನೆ ಹಿಂಡೋರು."

ನಾನು ಕಾಫಿ ಲೋಟ ಕೆಳಗಿಟ್ಟೆ. ಅವರು ಇನ್ನೂ ನಗುತ್ತಿದ್ದರು.

ಆ ಒಂಬತ್ತನೇ ಪ್ರಶ್ನೆಯನ್ನು ಬರೆದವರು ನೀವು. ಆ ಪ್ರಶ್ನೆಗೆ ನಮ್ಮ ಕಡೆಯ ಮನೆಗಳಿಂದ ಯಾವ ಉತ್ತರ ಬರುತ್ತದೆ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಮರೆತಿದ್ದಿರಾ? ಮರೆತಿದ್ದರೆ ನಾನು ಆಗಸ್ಟಿನಲ್ಲಿ ಬರೆದಾಗಲಾದರೂ ನೆನಪಾಗಿರಬೇಕು.

ನಾನು ಕೋಪದಲ್ಲಿ ಬರೆಯುತ್ತಿಲ್ಲ. ಒಂದು ಉತ್ತರ ಬೇಕು, ಅಷ್ಟೆ.

ಯಶಶ್ರೀ

*

ಪುಣೆ
9 ಡಿಸೆಂಬರ್ 2024

ಕುಮಾರಿ ಯಶಶ್ರೀ ಅವರಿಗೆ,

ವಿಷಯ: ಕ್ಷೇತ್ರ ಸಹಾಯಕಿ ಹುದ್ದೆಯಿಂದ ಬಿಡುಗಡೆ.

ಅಧ್ಯಯನದ ಏಳನೇ ಫಾರಂನಲ್ಲಿ ತಿಳಿದೂ ತಿಳಿದೂ ಸುಳ್ಳು ಮಾಹಿತಿ ದಾಖಲಿಸಿರುವುದಾಗಿ ತಾವು ದಿನಾಂಕ 21.10.2024ರ ಪತ್ರದಲ್ಲಿ ಒಪ್ಪಿಕೊಂಡಿರುತ್ತೀರಿ. ಆದ್ದರಿಂದ ತಮ್ಮ ಕೈಬರಹದ ಯಾವುದೇ ದಾಖಲೆಯನ್ನು ನಂಬಲರ್ಹವೆಂದು ಪರಿಗಣಿಸಲಾಗುವುದಿಲ್ಲ. ತಾವು ಅನುಮತಿಯಿಲ್ಲದೆ ಐವತ್ತು ಮನೆಗಳಿಗೆ ಭೇಟಿ ನೀಡಿ ತಯಾರಿಸಿದ ಪಟ್ಟಿಯನ್ನು ಇದೇ ಕಾರಣಕ್ಕಾಗಿ ತಿರಸ್ಕರಿಸಲಾಗಿದೆ. ಈ ತಿಂಗಳ ಕೊನೆಯಿಂದ ತಮ್ಮ ಸೇವೆ ಮುಕ್ತಾಯವಾಗುತ್ತದೆ.

ಡಾ. ಪ್ರಿಯಂವದಾ
ಮುಖ್ಯ ಸಂಶೋಧಕಿ

ಲಗತ್ತು: ಇದರ ಇಂಗ್ಲಿಷ್ ಪ್ರತಿ.

ಯಶೂ, ಕಾಗದದ ಜೊತೆ ಬೇರೆಯಾಗಿ ಇಟ್ಟಿರುವ ಈ ಚೀಟಿಯನ್ನು ಓದಿ ಹರಿದುಹಾಕು. ಆ ಪಟ್ಟಿ ಆಫೀಸಿನ ಕೈಗೆ ಬಿದ್ದ ಮೇಲೆ ನನಗೆ ಬೇರೆ ದಾರಿ ಇರಲಿಲ್ಲ. ಅಮ್ಮನ ಮಾತನ್ನು ನಂಬಬೇಡ, ಅವಳಿಗೆ ಎಪ್ಪತ್ತಾರು. ನನಗೆ ಇಡ್ಲಿ ಗಿಡ್ಲಿ ಏನೂ ನೆನಪಿಲ್ಲ.

*

ಚಾಮರಾಜಪೇಟೆ
27 ಜನವರಿ 2025

ಪ್ರಿಯಕ್ಕ,

ಇದನ್ನೂ ಅಂಚೆಯಲ್ಲೇ ಕಳಿಸುತ್ತಿದ್ದೇನೆ. ಮಾಮೂಲ್‌ಪೇಟೆಯಲ್ಲಿ ಒಂದು ರಿಬ್ಬನ್ ಅಂಗಡಿಗೆ ಸೇರಿದ್ದೇನೆ. ಇದು ಒಂಬತ್ತನೇ ಕೆಲಸ.

ಹೋದ ಮಂಗಳವಾರ ಧನ್ವಿಗೆ ಜ್ವರ ಬಂತು. ಅಮ್ಮ ಜೀರಿಗೆ ಕುದಿಸಲು ಇಟ್ಟಳು. ನಾನು ಅಡ್ಡ ನಿಂತೆ. ಇಷ್ಟು ದಿನ ಊರವರ ಮನೆಗಳ ಲೆಕ್ಕ ಬರೆದು, ನಮ್ಮ ಮನೆಯ ಮಗುವನ್ನು ಹಸಿದಿರಲು ಬಿಡುವುದು ಹೇಗೆ? ಮೆತ್ತಗೆ ಅನ್ನ ಕಲಸಿ ಹಾಲು ಹಾಕಿ ತಿನ್ನಿಸಿದೆ. ಆಸೆಯಿಂದ ತಿಂದಳು, ತಟ್ಟೆ ಬಳಿದು ತಿಂದಳು. ಮಧ್ಯಾಹ್ನ ಮೂರು ಗಂಟೆಗೆ ಸೆಳವು ಬಂತು.

ಮುಚ್ಚಿಡುವುದಿಲ್ಲ: ತಿಂದ ಮೇಲೂ ಬಂತು. ನಾಲ್ಕು ನಿಮಿಷ ಇತ್ತು. ಪಕ್ಕಕ್ಕೆ ಮಲಗಿಸಿಕೊಂಡು ಕೂತೆ, ತಾನೇ ನಿಂತಿತು. ವಾರ್ಡಿನ ಡಾಕ್ಟರು ಇದು ಊಟಕ್ಕೆ ಸಂಬಂಧಪಟ್ಟದ್ದಲ್ಲ, ಬೆಳೆಯುತ್ತಾ ಹೋಗುತ್ತದೆ, ಊಟ ನಿಲ್ಲಿಸಬೇಡಿ ಎಂದರು. ಅಮ್ಮ ಅವರ ಮುಂದೆ ತಲೆಯಾಡಿಸಿದಳು. ಆಟೋದಲ್ಲಿ ಕೂತ ಮೇಲೆ, "ನಿನ್ನ ಹಾಲನ್ನವೇ ಕೊಂದುಹಾಕ್ತಿತ್ತು. ಇನ್ಮೇಲೆ ಆ ಮಗೀನ ಮುಟ್ಬೇಡ" ಎಂದಳು. ಈಗ ನಾನು ಕೋಣೆಗೆ ಹೋದರೆ ಅತ್ತಿಗೆ ಧನ್ವಿಯನ್ನು ಎತ್ತಿಕೊಂಡು ಆಚೆ ಹೋಗುತ್ತಾಳೆ.

ಹಸಿದಿದ್ದಾಗಲೂ ಬಂತು, ತಿಂದಾಗಲೂ ಬಂತು. ಒಂದು ಮಗುವಿನ ಕಥೆ ಒಂದು ಮಗುವಿನ ಕಥೆಯಷ್ಟೆ ಎಂದು ನೀವು ಹೇಳಬಹುದು. ಸರಿ. ಹಾಗಾದರೆ ನನ್ನ ಪಟ್ಟಿಯೂ ಬೇಡ, ಹೆಸರೂ ಬೇಡ, ಕೆಲಸವೂ ಬೇಡ. ನಿಮ್ಮ ಲೇಖನದಲ್ಲಿ ಒಂದು ಸಾಲು ಬರೆಯಿರಿ. ಈ ಮಕ್ಕಳು ತಿಂದಿದ್ದರೋ ಇಲ್ಲವೋ ನಮಗೆ ಖಚಿತವಾಗಿ ಗೊತ್ತಿಲ್ಲ ಎಂದು. ಅದು ಸುಳ್ಳಲ್ಲವಲ್ಲ?

ಯಶಶ್ರೀ

*

ಪುಣೆ
24 ಮಾರ್ಚ್ 2025

ಯಶೂ,

ಲೇಖನ ಪ್ರಕಟವಾಯಿತು. ಒಂದು ಪ್ರತಿ ಇಟ್ಟಿದ್ದೇನೆ. ಕೊನೆಯ ಪುಟ ನೋಡು, ಧನ್ಯವಾದದಲ್ಲಿ ನಿನ್ನ ಹೆಸರಿದೆ. ನಾನು ಕೊಟ್ಟ ಮಾತಿಗೆ ತಪ್ಪುವವಳಲ್ಲ. ಬೆಂಗಳೂರಿನ ಪತ್ರಿಕೆಯಲ್ಲೂ ಸುದ್ದಿ ಬಂದಿದೆಯಂತೆ, ಅಮ್ಮ ಕತ್ತರಿಸಿ ಇಟ್ಟಿದ್ದಾಳೆ.

ನೀನು ಕೇಳಿದ ಸಾಲನ್ನು ಒಂದು ಸಲ ಬರೆದೆ. ಆಮೇಲೆ ತೆಗೆದೆ. ಆ ಒಂದು ಸಾಲು ಇದ್ದರೆ ಉಳಿದ ಒಂಬತ್ತು ಪುಟಗಳು ಏತಕ್ಕೆ ಎಂದು ಕೇಳುತ್ತಾರೆ. ನಿನಗೆ ಹೇಳಿರಲಿಲ್ಲ, ಈ ಮಾರ್ಚ್‌ಗೆ ನನ್ನ ಹುದ್ದೆ ಮುಗಿಯಬೇಕಿತ್ತು. ಈಗ ಐದು ವರ್ಷ ಮುಂದುವರಿಸಿದ್ದಾರೆ. ಇನ್ನೂ ದೊಡ್ಡ ಅಧ್ಯಯನ ಮಾಡುತ್ತೇನೆ, ಆರು ಊರುಗಳಲ್ಲಿ. ಅದರಲ್ಲಿ ಊಟದ ವಿಷಯವನ್ನು ಸರಿಯಾಗಿ ನೋಡುತ್ತೇನೆ. ತಪ್ಪಿದ್ದರೆ ಆಗ ತಾನಾಗಿ ಸರಿಹೋಗುತ್ತದೆ. ವಿಜ್ಞಾನ ನಡೆಯುವುದೇ ಹಾಗೆ.

ಅಲ್ಲಿಯವರೆಗೆ ಸುಮ್ಮನಿರು. ನನಗೆ ನಲವತ್ತೆರಡು ವರ್ಷ, ಯಶೂ. ಒಂಬತ್ತು ಕೆಲಸ ಬದಲಿಸುವ ಅನುಕೂಲ ನನಗಿಲ್ಲ.

ಪ್ರಿಯಂವದಾ

*

ಚಾಮರಾಜಪೇಟೆ
21 ಏಪ್ರಿಲ್ 2025

ಡಾ. ಪ್ರಿಯಂವದಾ ಅವರಿಗೆ,

ಬೆಂಗಳೂರಿನ ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಅನಿಲಣ್ಣ ಮನೆಯಲ್ಲಿ ಗಟ್ಟಿಯಾಗಿ ಓದಿದ. ಮಾರನೆಯ ದಿನ ಆನ್‌ಲೈನ್‌ನಲ್ಲಿ ಒಂದು ಡಬ್ಬಿ ತರಿಸಿದ. ದೊಡ್ಡವರು ನಿದ್ದೆಗೆಂದು ತೆಗೆದುಕೊಳ್ಳುವ ಟ್ರಿಪ್ಟೊಫ್ಯಾನ್ ಮಾತ್ರೆ ಅದು. ಮೊನ್ನೆ ಧನ್ವಿಗೆ ಮೈ ಬೆಚ್ಚಗಾದಾಗ ಅಮ್ಮ ಅದನ್ನು ಪುಡಿ ಮಾಡಿ ಜೀರಿಗೆ ನೀರಿಗೆ ಹಾಕುತ್ತಿದ್ದಳು. ಊಟ ಇಲ್ಲ. ಅದರ ಬದಲು ಇದು. ನಿಮ್ಮ ಲೇಖನವನ್ನು ನಮ್ಮ ಮನೆಯವರು ಅರ್ಥ ಮಾಡಿಕೊಂಡದ್ದು ಹೀಗೆ.

ಲೋಟವನ್ನು ಕಿತ್ತುಕೊಂಡು ಮೋರಿಗೆ ಸುರಿದೆ. ಡಬ್ಬಿಯಲ್ಲಿ ಉಳಿದದ್ದನ್ನೂ ಸುರಿದು, ಸುರಿದೆ ಎಂದು ಹೇಳಿದೆ. ಅಣ್ಣ ಕಪಾಳಕ್ಕೆ ಹೊಡೆದ. "ನಿನ್ನ ಹೆಸರೇ ಹಾಕವ್ರಲ್ಲೇ ಅದ್ರಲ್ಲಿ! ನೀನೇ ಬರೆದು, ನೀನೇ ಸುರೀತೀಯಾ?" ಎಂದ.

ಆಮೇಲೆ ಕೂತು ನಿಮ್ಮ ಲೇಖನದ ಪ್ರತಿಯನ್ನು ಮತ್ತೆ ತೆಗೆದೆ. ಇಂಗ್ಲಿಷ್ ನನಗೆ ಅಷ್ಟಾಗಿ ಬರುವುದಿಲ್ಲ, ಆದರೆ ಅಂಕಿಗಳನ್ನು ಓದಬಲ್ಲೆ. ನಲವತ್ತು ಮತ್ತು ನಲವತ್ತು, ಒಟ್ಟು ಎಂಬತ್ತು ಮಕ್ಕಳು. ಎಂಬತ್ತೂ ಫಾರಂಗಳನ್ನು ತುಂಬಿದವಳು ನಾನು. ಬೇರೆ ಯಾರ ಕೈಬರಹವೂ ಅದರಲ್ಲಿಲ್ಲ.

ನನ್ನ ಕೈಬರಹದ ಯಾವ ದಾಖಲೆಯೂ ನಂಬಲರ್ಹವಲ್ಲ ಎಂದು ನೀವು ಸಹಿ ಹಾಕಿ ಕೊಟ್ಟ ಕಾಗದ ನನ್ನ ಹತ್ತಿರ ಇದೆ. ನನ್ನ ಪಟ್ಟಿಯನ್ನು ಎಸೆಯಲು ಅದನ್ನು ಬರೆದಿರಿ. ನಿಮ್ಮ ಲೇಖನಕ್ಕೂ ಅದು ಅಷ್ಟೇ ಅನ್ವಯಿಸುತ್ತದೆ ಎಂಬುದು ಬರೆಯುವಾಗ ನಿಮಗೆ ಹೊಳೆದಿರಲಿಕ್ಕಿಲ್ಲ. ನನಗೂ ಹೊಳೆದಿರಲಿಲ್ಲ.

ಲೇಖನ ಪ್ರಕಟಿಸಿದ ಪತ್ರಿಕೆಯ ಸಂಪಾದಕರಿಗೆ ನಿಮ್ಮ ಆ ಕಾಗದದ ನಕಲನ್ನು ಇವತ್ತು ಬೆಳಗ್ಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ನೀವು ಇಂಗ್ಲಿಷ್ ಪ್ರತಿಯನ್ನೂ ಇಟ್ಟಿದ್ದರಿಂದ ಅನುವಾದ ಮಾಡಿಸುವ ಕಷ್ಟ ತಪ್ಪಿತು. ಜೊತೆಗೆ ಏಳನೇ ಫಾರಂನ ಸುಳ್ಳನ್ನು ಬರೆದವಳು ನಾನೇ ಎಂದು ಸಹಿ ಮಾಡಿ ಕೊಟ್ಟಿದ್ದೇನೆ. ಐವತ್ತು ಮನೆಗಳಲ್ಲಿ ಕೇಳಿದ್ದನ್ನು ಬರೆದಿಲ್ಲ, ಆ ತಾಯಂದಿರಿಗೆ ಮಾತು ಕೊಟ್ಟಿದ್ದೆ. ನಿಮ್ಮ ಚೀಟಿಯನ್ನು ನೀವು ಹೇಳಿದ ಹಾಗೆ ಆವತ್ತೇ ಹರಿದುಹಾಕಿದೆ. ಜಾನಕಮ್ಮನವರು ಹೇಳಿದ್ದನ್ನೂ ಬರೆದಿಲ್ಲ. ಅದನ್ನು ಹೇಳುವುದು ಬಿಡುವುದು ನಿಮಗೆ ಸೇರಿದ್ದು.

ಇದರಿಂದ ನಿಮಗೆ ಏನಾಗುತ್ತದೆ ಎಂದು ನನಗೆ ಗೊತ್ತು. ನನಗೆ ಏನಾಗುತ್ತದೆ ಎಂದೂ ಗೊತ್ತು. ಸುಳ್ಳು ಬರೆದು ಸಿಕ್ಕಿಬಿದ್ದವಳು ಎಂದು ಇನ್ನು ಮುಂದೆ ಯಾವ ಆಸ್ಪತ್ರೆಯ ಗೇಟಿನೊಳಗೂ ನನ್ನನ್ನು ಬಿಡುವುದಿಲ್ಲ. ಏಳು ಕೆಲಸಗಳನ್ನು ಬಿಟ್ಟಾಗ ಒಂದು ದಿನವೂ ಬೇಜಾರಾಗಿರಲಿಲ್ಲ. ಆಸ್ಪತ್ರೆಯ ಕೆಲಸವೊಂದನ್ನು ನಾನಾಗಿ ಬಿಟ್ಟಿರಲಿಲ್ಲ.

ಸಂಪಾದಕರನ್ನು ಒಂದು ಕೇಳಿಕೊಂಡಿದ್ದೇನೆ. ಧನ್ಯವಾದದ ಸಾಲಿನಿಂದ ನನ್ನ ಹೆಸರನ್ನು ತೆಗೆಯಬೇಕು. ತಪ್ಪಾಯಿತು ಎಂದು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುವಾಗ, ಅಲ್ಲಿ ಹಾಕಬೇಕು.

ಯಶಶ್ರೀ